ತಪ್ಪು ಗೆರೆ ಎಳೆಯದ ಗೆರೆಮಾಮ

“ನಲವತ್ತು ವರ್ಷದಿಂದ ಬರೀತಿದ್ದೀನಿ. ಒಂದೇ ಒಂದು ತಪ್ಪು ಗೆರೆ ಎಳೆದವನಲ್ಲ. ನಮ್ಮನೇಲಿ ರಬ್ಬರ್ ಅಂತ ಇದ್ರೆ ಅದು ಕುಕ್ಕರಿಂದು ಮಾತ್ರ!”

ಇದು ಗೆರೆಮಾಮನ ಖಾಯಂ ಮಾತು. ಆ ಹೆಸರಿಟ್ಟವರು ಓಣಿಯ ಮಕ್ಕಳು. ಈಗ ಅಂಚೆಯವನೂ ಹಾಗೇ ಕೂಗುತ್ತಾನೆ. ಯಾವ ಕಚೇರಿಯ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ, ಕರೆದವರಿಗೆ ಬರೆದುಕೊಡುವ ವ್ಯಂಗ್ಯಚಿತ್ರಕಾರ. ಪಠ್ಯಪುಸ್ತಕದ ಕಪ್ಪೆಗೆ ಅವನು ಎಳೆದ ಕಾಲು ಎಷ್ಟು ಜೀವಂತವಾಗಿತ್ತೆಂದರೆ, ಪರೀಕ್ಷೆಯ ಹೊತ್ತಿಗೆ ಅರ್ಧಕ್ಕರ್ಧ ಪುಸ್ತಕಗಳಿಂದ ಕಪ್ಪೆಗಳು ಹಾರಿಹೋಗಿದ್ದವಂತೆ. ನಂಬದವರು ಆ ವರ್ಷ ಫೇಲಾದವರನ್ನು ಕೇಳಬಹುದು.

ಇತ್ತೀಚೆಗೆ ಅವನು ಕಪಾಟಿನ ಹಳೆಯ ಕಟ್ಟುಗಳನ್ನು ಬಿಚ್ಚಿ, ದಿನಕ್ಕೊಂದು ಚಿತ್ರವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸತೊಡಗಿದ್ದ. ಹಿಂದೊಮ್ಮೆ ಸಿನಿಮಾ ವಾರಪತ್ರಿಕೆಯೊಂದಕ್ಕೆ ಬರೆದವು ಅವು. ಆಕಾಶದಲ್ಲಿ ಹಾರುವ ವೀರ ಮಹಡಿಯ ಮೇಲೆ ಬಟ್ಟೆ ಒಣಹಾಕುವುದು, ರಕ್ತ ಹೀರುವ ಭೂತ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆಯಲಾರದೆ ನಡುಗುವುದು, ಇಂಥವು. ಪ್ರತಿ ಚಿತ್ರದ ಕೆಳಗೂ ಆ ಜಂಬದ ಮಾತು ಇದ್ದೇ ಇರುತ್ತಿತ್ತು.

ಜನ ಹುಚ್ಚೆದ್ದದ್ದು ಮಾತ್ರ ಕ್ಷೌರದಂಗಡಿಯ ಚಿತ್ರಕ್ಕೆ. ಬೇರೆ ಗ್ರಹದಿಂದ ಬಂದ ಮೂರು ಕೊಂಬಿನ ರಾಕ್ಷಸ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದಾನೆ; ಕ್ಷೌರಿಕ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಾಚಣಿಗೆ ಎತ್ತಿ ಹಿಡಿದು, ಎಲ್ಲಿಂದ ಶುರುಮಾಡಲಿ ಎಂದು ನೋಡುತ್ತಿದ್ದಾನೆ. ಬಂದ ಮೆಚ್ಚುಗೆಗಳ ಭಾರಕ್ಕೆ ಮೊಬೈಲು ಮೇಜಿನಿಂದ ತಾನಾಗಿ ಜಾರಿ ಬಿತ್ತು. ಪ್ರಕಾಶನವೊಂದರ ಸಂಪಾದಕಿ ಫೋನು ಮಾಡಿ, ಇಂಥ ಐವತ್ತು ಚಿತ್ರಗಳ ಪುಸ್ತಕ ಮಾಡೋಣ, ಮುಖಪುಟದ ಮೇಲೆ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಎಂದರು. ನಲವತ್ತು ವರ್ಷ ಬೇರೆಯವರ ಪುಸ್ತಕಗಳ ಒಳಪುಟದಲ್ಲಿ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣಕ್ಷರದಲ್ಲಿ ಬದುಕಿದವನು ಆ ದಿನ ಊಟ ಮರೆತ.

ಮೂರನೆಯ ದಿನ ಅದೇ ಸಂಪಾದಕಿಯ ದನಿ ಬೇರೆಯಾಗಿತ್ತು.

“ಸರ್, ಆ ಚಿತ್ರ ತಮ್ಮದು ಅಂತ ಇನ್ನೊಬ್ರು ಬಂದಿದ್ದಾರೆ. ಮೂಲಚಿತ್ರಾನೇ ಅವರ ಹತ್ರ ಇದೆ. ನಾಳೆ ಹನ್ನೊಂದಕ್ಕೆ ಬನ್ನಿ. ನಿಮ್ಮ ಹತ್ರ ಏನಿದ್ಯೋ ತನ್ನಿ.”

ಅವನ ಹತ್ತಿರ ಇದ್ದದ್ದು ವಾರಪತ್ರಿಕೆಯ ಹಳದಿಗಟ್ಟಿದ ಒಂದು ಪುಟ. ಆ ಪತ್ರಿಕೆ ಮೂಲಚಿತ್ರಗಳನ್ನು ಹಿಂದಿರುಗಿಸುತ್ತಿರಲಿಲ್ಲ. ಅದು ಮುಚ್ಚಿಹೋಗಿಯೇ ಇಪ್ಪತ್ತು ವರ್ಷವಾಗಿತ್ತು.

“ಇದರಲ್ಲಿ ನಿಮ್ಮ ಸಹಿ ಎಲ್ಲಿದೆ ರೀ?” ಎಂದಳು ಹೆಂಡತಿ, ಪುಟವನ್ನು ಕಿಟಕಿಗೆ ಹಿಡಿದು.

“ಇತ್ತು ಕಣೇ. ಪುಟದಲ್ಲಿ ಜಾಗ ಸಾಲಲ್ಲ ಅಂತ ಮೂಲೆ ಕತ್ತರಿಸಿದ್ದ, ಆ ಗೋಂದಣ್ಣ.”

ಗೋಂದಣ್ಣ ಎಂದರೆ ಪತ್ರಿಕೆಯಲ್ಲಿ ಚಿತ್ರಗಳನ್ನು ಅಳತೆಗೆ ಕತ್ತರಿಸಿ ಪುಟಕ್ಕೆ ಅಂಟಿಸುತ್ತಿದ್ದವನು. ಮಾತು ಮುಗಿಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಅನುಮಾನ ಬಂತು.

ಅನುಮಾನ ಸುಳ್ಳಾಗಲಿಲ್ಲ. ಮರುದಿನ ಗಂಡ ಹೆಂಡತಿ ಸಂಪಾದಕಿಯ ಕೋಣೆಗೆ ಹೋದರೆ, ಇಸ್ತ್ರಿಯ ಮಡಿಕೆಗೆ ಕೈ ತಗುಲಿದರೆ ರಕ್ತ ಬರುವಂಥ ಅಂಗಿ ತೊಟ್ಟು ಗೋಂದಣ್ಣನೇ ಕೂತಿದ್ದ.

“ಏನ್ ಮಾಮ, ಸೊರಗಿಬಿಟ್ಟಿದ್ದೀರಿ?” ಎಂದು ವಿಚಾರಿಸಿಕೊಂಡು, ತೆಳುಕಾಗದದ ಸುತ್ತು ಬಿಚ್ಚಿ ಚಿತ್ರವನ್ನು ಮೇಜಿನ ಮೇಲಿಟ್ಟ.

ಗೆರೆಮಾಮ ಮೇಜಿನ ಮೇಲೆ ಬಾಗಿ ನೋಡಿದ. ಮೂವತ್ತು ವರ್ಷದ ಮೇಲೆ ಕಂಡ ತನ್ನದೇ ಕೂಸು, ಕಂಡವರ ಕಂಕುಳಲ್ಲಿ. ಬಲಗಡೆಯ ಕೆಳಮೂಲೆ ಬ್ಲೇಡಿಗೆ ಸಿಕ್ಕಿ ನುಣ್ಣಗೆ ಹೋಗಿತ್ತು.

ಸಂಪಾದಕಿ ಇಬ್ಬರ ಮುಖವನ್ನೂ ನೋಡಿದರು. “ಇದನ್ನ ಹೇಗೆ ಬರೆದ್ರಿ ಅಂತ ಹೇಳಿ. ಮೊದಲು ನೀವು.”

“ಹೇಗೇನು ಮೇಡಂ,” ಎಂದ ಗೋಂದಣ್ಣ, “ಕುಂಚ ಅದ್ದಿದೆ, ಒಂದೇ ಉಸಿರಿಗೆ ಬರೆದೆ. ಒಂದು ತಪ್ಪು ಗೆರೆ ಇದ್ರೆ ತೋರಿಸಿ, ಈಗ್ಲೇ ಎದ್ದು ಹೋಗ್ತೀನಿ.”

ಚಿತ್ರದ ಜೊತೆ ಜಂಬವನ್ನೂ ಕದ್ದಿದ್ದ! ಆದರೆ ಆ ಚಿತ್ರದಲ್ಲಿ ತಪ್ಪಿತ್ತು. ಅಚ್ಚಾಗಿ ಬಂದ ದಿನವೇ ಗೆರೆಮಾಮನ ಕಣ್ಣಿಗೆ ಬಿದ್ದಿತ್ತು. ಒಂದು ಅಲ್ಪವಿರಾಮ ಬಿಟ್ಟುಹೋದರೂ ಪತ್ರ ಬರೆಯುವ ಓದುಗರಾರೂ ಅದನ್ನು ಕಂಡಿರಲಿಲ್ಲ. ಹೆಂಡತಿಗೂ ಅವನು ಹೇಳಿರಲಿಲ್ಲ. ಈಗ ಬಾಯಿಬಿಟ್ಟರೆ ನಲವತ್ತು ವರ್ಷದ ಮೀಸೆ ಮಣ್ಣಾಗುತ್ತದೆ. ಬಿಡದಿದ್ದರೆ ಚಿತ್ರವೂ ಹೋಯಿತು, ದಪ್ಪಕ್ಷರವೂ ಹೋಯಿತು, ಮೇಲೆ ಕಳ್ಳನೆಂಬ ಬಿರುದು. ಸಂಪಾದಕಿ ಪೆನ್ನಿನ ಮುಚ್ಚಳ ಹಾಕಿದರು. ಹೆಂಡತಿ ಮೊಣಕೈಯಿಂದ ತಿವಿದಳು.

“ನೀವೇನೂ ಹೇಳಲ್ವಾ ಸರ್?”

“ತಪ್ಪಿದೆ,” ಎಂದ ಗೆರೆಮಾಮ. ದನಿ ಯಾರದೋ ಅನ್ನಿಸಿತು. “ಕ್ಷೌರಿಕನಿಗೆ ಎರಡೂ ಎಡಗೈ.”

ಸಂಪಾದಕಿ ತಮ್ಮ ಎರಡು ಕೈಗಳನ್ನು ಮೇಜಿನ ಮೇಲೆ ಊರಿದರು. ಅವರ ಹೆಬ್ಬೆರಳುಗಳು ಒಂದಕ್ಕೊಂದು ಮುಖ ಮಾಡಿದವು. ಚಿತ್ರದ ಹೆಬ್ಬೆರಳುಗಳು ಎರಡೂ ಒಂದೇ ದಿಕ್ಕಿಗೆ ಹೊರಟಿದ್ದವು.

ಗೋಂದಣ್ಣ ಬೆಚ್ಚಲಿಲ್ಲ. “ಅದು ಬೇಕೂಂತ್ಲೇ ಮಾಡಿದ್ದು ಮೇಡಂ. ನಗೆಚಿತ್ರ ಅಲ್ವಾ?”

ಸಂಪಾದಕಿಯ ಮುಖ ಮತ್ತೆ ಅನುಮಾನದಲ್ಲಿ ಬಿತ್ತು. ಗೆರೆಮಾಮ ಎದ್ದು ನಿಂತ. ಮರ್ಯಾದೆ ಹೇಗೂ ನೀರುಪಾಲಾಗಿತ್ತು. ಇನ್ನು ಈಜುವುದೊಂದೇ ದಾರಿ.

“ಬಲಗೈಯಲ್ಲಿ ಕುಂಚ ಇರುತ್ತಲ್ಲ ಮೇಡಂ, ಹಾಗಾಗಿ ಎಡಗೈ ನೋಡ್ಕೊಂಡೇ ಕೈ ಬರೆಯೋದು ನಾನು. ಬಲಗೈ ಬೇಕಾದ್ರೆ ಎಡಗೈನೇ ಕನ್ನಡೀಲಿ ನೋಡ್ತೀನಿ. ಆ ವಾರ ಇವಳು ಜಗಳ ಆಡಿ ತವರಿಗೆ ಹೋಗಿದ್ಳು, ಕನ್ನಡೀನೂ ಎತ್ಕೊಂಡು. ಚಿತ್ರ ಅವತ್ತೇ ಕೊಡಬೇಕಿತ್ತು. ಎರಡು ಕೈಗೂ ಇದನ್ನೇ ನೋಡಿ ಬರೆದೆ.”

ಎಂದವನು ಎಡಗೈಯನ್ನು ಚಿತ್ರದ ಪಕ್ಕ ಇಟ್ಟ. ಏಳನೆಯ ವಯಸ್ಸಿನಲ್ಲಿ ಉಯ್ಯಾಲೆಯಿಂದ ಬಿದ್ದು ಮುರಿದ ಕಿರುಬೆರಳು, ಕುಡುಗೋಲಿನಂತೆ ಹೊರಕ್ಕೆ ಬಾಗಿತ್ತು. ಕತ್ತರಿ ಹಿಡಿದ ಕೈಯ ಕಿರುಬೆರಳೂ ಹಾಗೇ. ಬಾಚಣಿಗೆ ಹಿಡಿದದ್ದೂ ಹಾಗೇ.

“ನಿಮ್ಮ ಕೈ ತೋರಿಸಿ,” ಎಂದರು ಸಂಪಾದಕಿ, ಗೋಂದಣ್ಣನಿಗೆ.

ಅವನ ಬೆರಳುಗಳು ಸ್ಕೇಲಿಟ್ಟು ಎಳೆದಷ್ಟು ನೆಟ್ಟಗಿದ್ದವು. ತೋರಿಸಿದ ಮರುಕ್ಷಣ ಅವು ಜೇಬು ಸೇರಿದವು. ಅವನು ಬಾಗಿಲು ದಾಟಿದಾಗ ತೆಳುಕಾಗದ ಮಾತ್ರ ಅವನ ಹಿಂದೆ ಒಂದಿಷ್ಟು ದೂರ ಹಾರಿತು.

ಸಂಪಾದಕಿ ಚಿತ್ರವನ್ನು ಗೆರೆಮಾಮನ ಕಡೆಗೆ ಸರಿಸಿದರು. ಅವನ ಕಣ್ಣು ತೇವವಾಗುವುದರಲ್ಲಿತ್ತು; ಹೆಂಡತಿ ಬಿಡಬೇಕಲ್ಲ.

“ಓಹೋ, ಕನ್ನಡಿ ಒಯ್ದದ್ದಕ್ಕೆ ತಪ್ಪು ನನ್ನದಾಯ್ತಾ? ಅದಿರಲಿ, ನಲವತ್ತು ವರ್ಷದಿಂದ ತಪ್ಪು ಗೆರೇನೇ ಎಳೆದಿಲ್ಲ ಅಂತಿದ್ರಲ್ಲ ರೀ, ಇದೇನು?”

ಗೆರೆಮಾಮ ಮೂಗೊರೆಸಿಕೊಂಡ.

“ಎಳೆದಿದ್ದು ಬಲಗೈ ಕಣೇ, ಅದು ಇವತ್ತಿಗೂ ತಪ್ಪು ಮಾಡಿಲ್ಲ. ತಪ್ಪೆಲ್ಲ ಈ ಎಡಗೈದು. ನೋಡಿ ಬರೆಯೋಕೆ ಸುಮ್ನೆ ಕೂತಿರು ಅಂದ್ರೆ, ನೀನೂ ಇಲ್ಲ, ಕನ್ನಡೀನೂ ಇಲ್ಲ ಅಂತ ಎರಡೂ ಕೈ ಪಾರ್ಟು ತಾನೇ ಮಾಡ್ಬಿಡ್ತು!”