ಹುಲ್ಲಿಗೊಂದು ಬ್ಯಾಟರಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಹಿತ್ತಲಿನ ಹುಲ್ಲನ್ನು ನಾನು ಒಂದು ದಿನವೂ ಕೊಯ್ದವಳಲ್ಲ. ಆದರೂ ಈ ಮಳೆಗಾಲದಲ್ಲಿ ಆ ಹುಲ್ಲಿಗೆ ಪೆಟ್ರೋಲ್ ಮಿಷಿನ್ ತರಬೇಕೋ ಬ್ಯಾಟರಿ ಮಿಷಿನ್ ತರಬೇಕೋ ಎಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮನೆಗೇ ಸೊಸೆಯಾಗಿ ಬಂದವಳು ನಾನು. ಸೀರೆಯ ಯಾವ ಒಡಲಿಗೆ ಯಾವ ಅಂಚು ಒಪ್ಪುತ್ತದೆಂದು ಕೇಳಿ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಹೇಳುತ್ತೇನೆ. ಹುಲ್ಲಿನ ವಿಷಯದಲ್ಲಿ ಮಾತ್ರ ಆ ಧೈರ್ಯ ಬರಲಿಲ್ಲ.

ನಮ್ಮ ಮನೆ ದೊಡ್ಡಬಳ್ಳಾಪುರದ ಅಂಚಿನಲ್ಲಿದೆ. ಮುಂದೆ ನಾಲ್ಕು ಪವರ್‌ಲೂಮ್ ಮಗ್ಗಗಳ ಶೆಡ್ಡು, ಹಿಂದೆ ಹಿತ್ತಲು, ಅದಕ್ಕೆ ಅಂಟಿಕೊಂಡು ಮೈದುನನ ಖಾಲಿ ಸೈಟು. ಮೈದುನ ಅಲ್ಲಿ ಮನೆ ಕಟ್ಟುತ್ತೇನೆಂದು ಹೇಳುತ್ತ ಹತ್ತು ವರ್ಷವಾಯಿತು. ಹುಲ್ಲು ಏನೂ ಹೇಳದೆ ವರ್ಷವರ್ಷವೂ ಅಲ್ಲಿ ಸಂಸಾರ ಹೂಡುತ್ತದೆ. ಆ ಹತ್ತು ವರ್ಷವೂ ಅದನ್ನು ಕೊಯ್ದವರು ಮುನಿಯಮ್ಮಕ್ಕ. ಎರಡು ಬೀದಿ ಆಚೆ, ಊರು ಮುಗಿದು ಹೊಲ ಶುರುವಾಗುವ ಕಡೆ ಅವರ ಮನೆ. ಮನೆಯಲ್ಲಿ ಮಗ, ಸೊಸೆ ರತ್ನ, ಮತ್ತು ಒಂದು ಸೀಮೆಹಸು. ಹಸುವಿನ ಹೆಸರು ಮೇಡಂ. ಕರುವಾಗಿದ್ದಾಗ ಬೇರೆ ಹೆಸರಿತ್ತಂತೆ. ಹಾಕಿದ ಮೇವನ್ನು ಮೂಸಿ, ಮುಖ ತಿರುಗಿಸಿ, ಹೋಗಲಿ ಪಾಪ ಎಂಬಂತೆ ಇನ್ನೊಮ್ಮೆ ಮೂಸುವ ಅದರ ಗತ್ತು ನೋಡಿ ರತ್ನ ಇಟ್ಟ ಹೆಸರೇ ನಿಂತುಬಿಟ್ಟಿತು.

ಸಂಜೆ ನಾಲ್ಕಕ್ಕೆ ಮುನಿಯಮ್ಮಕ್ಕ ಪಕ್ಕದ ಗೇಟು ತೆಗೆದುಕೊಂಡು ಬರುತ್ತಿದ್ದರು. ಕುಕ್ಕರಗಾಲಿನಲ್ಲಿ ಕೂತು ಕುಡುಗೋಲು ಹಾಕಿದರೆ ಸರಕ್ ಸರಕ್ ಎಂದು ಅರ್ಧ ಗಂಟೆ. ಹೊರೆ ಕಟ್ಟಿ, ತಲೆಯ ಮೇಲೆ ಎತ್ತಿಕೊಂಡು, 'ಬರ್ತೀನ್ ತಾಯಿ' ಎಂದರೆ ಮುಗಿಯಿತು. ಕೊಟ್ಟೆವು, ತೆಗೆದುಕೊಂಡರು ಎಂಬ ಮಾತು ನಡುವೆ ಬಂದದ್ದೇ ಇಲ್ಲ. ನಮ್ಮ ಹಿತ್ತಲಿಗೆ ಹಾವಿನ ಭಯ ತಪ್ಪುತ್ತಿತ್ತು, ಮೇಡಂಗೆ ಹೊಟ್ಟೆ ತುಂಬುತ್ತಿತ್ತು. ಹಸು ಕರು ಹಾಕಿದಾಗ ನಮಗೊಂದು ಚೊಂಬು ಗಿಣ್ಣುಹಾಲು ಬರುತ್ತಿತ್ತು.

ಈ ವರ್ಷ ಅವರ ಮಂಡಿ ಕೈಕೊಟ್ಟಿತು. 'ಶಿವಗಂಗೆ ಬೆಟ್ಟ ಹತ್ತಿದ್ ಮಂಡಿ ಕಣ್ ತಾಯಿ ಇದು. ಈಗ ಮೋರಿ ದಾಟು ಅಂದ್ರೆ ನಾಟ್ಕ ಆಡ್ತದೆ' ಎಂದು ಅದನ್ನು ಸೋಮಾರಿ ಮಗನನ್ನು ಬೈಯುವ ಹಾಗೆ ಬೈದರು. ಕುಕ್ಕರಗಾಲಿನಲ್ಲಿ ಕೂರಲೇಬೇಡಿ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಒಂದು ಪ್ಲಾಸ್ಟಿಕ್ ಬಕೆಟ್ಟು. ಅದನ್ನು ಬೋರಲು ಹಾಕಿ ಅದರ ಮೇಲೆ ಕೂರುವುದು, ಕೈಗೆಟುಕುವಷ್ಟು ಕೊಯ್ಯುವುದು, ಗೋಡೆ ಹಿಡಿದು ಏಳುವುದು, ಬಕೆಟ್ಟನ್ನು ಒಂದು ಮಾರು ಮುಂದಕ್ಕೆ ಒದೆಯುವುದು, ಮತ್ತೆ ಕೂರುವುದು. ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ.

ನಮ್ಮ ಯಜಮಾನರಿಗೂ ಕಂಡಿರಬೇಕು. 'ಒಂದು ಹುಲ್ಲಿನ ಮಿಷಿನ್ ತಂದ್ಬಿಡಾಣ. ನಾವ್ ಕೊಯ್ದು ಗುಡ್ಡೆ ಹಾಕಿದ್ರೆ ಅವರು ತುಂಬ್ಕೊಂಡು ಹೋಗ್ಲಿ' ಎಂದರು. ಒಳ್ಳೆಯ ಉದ್ದೇಶದಿಂದ ಶುರುವಾದ ಕೆಲಸಗಳೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಎಳೆಯುವುದು. ಇದೂ ಹಾಗೇ ಆಯಿತು.

ಅಂಗಡಿಯಲ್ಲಿ ಎರಡು ಮಿಷಿನ್ನುಗಳು ಹೆಣ್ಣು ನೋಡಲು ಬಂದ ಇಬ್ಬರು ಗಂಡುಗಳ ಹಾಗೆ ಗೋಡೆಗೊರಗಿ ನಿಂತಿದ್ದವು. ಪೆಟ್ರೋಲಿನದು ಕಟ್ಟುಮಸ್ತು, ಮೈಯೆಲ್ಲ ಎಣ್ಣೆ, ದಿನವಿಡೀ ದುಡಿಯುತ್ತೇನೆ ಎನ್ನುವ ಜಾತಿ. ಬ್ಯಾಟರಿಯದು ಇಸ್ತ್ರಿ ಶರ್ಟು ಹಾಕಿಕೊಂಡಂತಿತ್ತು. ಮುಕ್ಕಾಲು ಗಂಟೆ ಕೆಲಸ, ಆಮೇಲೆ ಗೋಡೆಯ ಪ್ಲಗ್ಗಿಗೆ ಆತುಕೊಂಡು ವಿಶ್ರಾಂತಿ. ಯಜಮಾನರ ಕಣ್ಣು ಪೆಟ್ರೋಲಿನ ಮೇಲೆ ಬಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು ಎಂದು ಅಂಗಡಿಯಾತ ಹೇಳಿದಾಗಲಂತೂ ಅವರ ಮುಖ ಅರಳಿತು. ಮದುವೆಯಾದ ಹೊಸದರಲ್ಲಿ ಅವರ ಸ್ಕೂಟರೂ ಅದನ್ನೇ ಕುಡಿಯುತ್ತಿತ್ತು. ಸ್ಟಾರ್ಟ್ ಮಾಡಲು ಅದನ್ನು ಪಕ್ಕಕ್ಕೆ ವಾಲಿಸದೆ ಒಂದು ದಿನವೂ ನಾವು ಸಿನಿಮಾಕ್ಕೆ ಹೋದದ್ದಿಲ್ಲ.

ಆದರೆ ಅವರ ನಿಜವಾದ ಕಾರಣ ಬೇರೆ. ಕರೆಂಟಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಮಗ್ಗದ ಮನೆಯಲ್ಲಿ ಕರೆಂಟು ಎಂದರೆ ನೆಂಟರ ಪೈಕಿ. ಬಂತು, ಹೋಯಿತು, ಬಂದ ಹಾಗೆ ಮಾಡಿ ಹೋಯಿತು, ಬಂದಿದೆ ಆದರೆ ಸರಿಯಾಗಿಲ್ಲ ಎಂದು ಅದರ ಬಗ್ಗೆ ನಾವು ಮಾತಾಡುವುದನ್ನು ಕೇಳಿದರೆ ಹೊಸಬರು ಯಾರೋ ಮುನಿಸಿಕೊಂಡ ಬೀಗರ ಸುದ್ದಿ ಎಂದುಕೊಂಡಾರು. 'ಜೀವಮಾನವೆಲ್ಲ ಅದರ ದಾರಿ ಕಾದಿದ್ದೀನಿ. ಹುಲ್ಲಿಗೂ ಕಾಯ್ಲಾ?' ಎಂಬುದು ಅವರ ವಾದ.

ನನ್ನ ವಾದ ಸದ್ದಿನದು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಸದ್ದೇ ನಿದ್ದೆಯ ಜೋಗುಳ. ನಮ್ಮ ಮಕ್ಕಳು ತೊಟ್ಟಿಲಲ್ಲಿದ್ದಾಗ ಕರೆಂಟು ಹೋಗಿ ಮಗ್ಗ ನಿಂತರೆ ಬೆಚ್ಚಿ ಎದ್ದು ಅಳುತ್ತಿದ್ದವು. ಅಂಥ ಮನೆಯಲ್ಲಿ ನನ್ನದೆಂದು ಒಂದಿಷ್ಟು ಸದ್ದಿಲ್ಲದ ಜಾಗವಿದ್ದರೆ ಅದು ಹಿತ್ತಲು. ಅಲ್ಲಿಗೂ ಒಂದು ಇಂಜಿನ್ ತರುವುದೇ? ಆದರೆ ಇನ್ನೊಂದು ನಿಜವನ್ನೂ ಹೇಳಬೇಕು. ಅಂಗಡಿಯಾತ ಬ್ಯಾಟರಿಯದನ್ನು ಓಡಿಸಿ ತೋರಿಸಿದಾಗ ಅದು ದುಂಬಿಯ ಹಾಗೆ ಗುಂಯ್ ಎಂದಿತಷ್ಟೆ. ಇಷ್ಟು ಮೆತ್ತಗೆ ಮಾತಾಡುವುದು ಏನು ಕೆಲಸ ಮಾಡೀತು ಎಂದು ನನಗೇ ಅನುಮಾನ ಬಂತು.

ಎರಡರಲ್ಲೂ ಯಜಮಾನರನ್ನು ಮರುಳು ಮಾಡಿದ್ದು ಮಾತ್ರ ತುದಿಯಲ್ಲಿದ್ದ ನೈಲಾನ್ ದಾರ. ಬ್ಲೇಡಿನ ಬದಲು ದಾರ ಹಾಕಿದರೆ ಅದು ಗಿರಗಿರ ತಿರುಗುತ್ತ ಹುಲ್ಲನ್ನು ಕಡಿಯುತ್ತದಂತೆ. ಅವರು ಅದನ್ನು ಎಳೆದು, ಹೊಸೆದು, ಉಗುರಿನಲ್ಲಿ ಮೀಟಿ ನೋಡಿದರು. ಮೂವತ್ತು ವರ್ಷ ಕಡಿದುಹೋದ ಎಳೆಗಳಿಗೆ ಗಂಟು ಹಾಕುತ್ತ ಬಂದವರು. ದಾರ ಕಡಿಯುವುದು ಅವರಿಗೆ ದಿನದ ಕಥೆ, ದಾರವೇ ಇನ್ನೊಂದನ್ನು ಕಡಿಯುವುದು ಹೊಸದು. ತಮ್ಮ ಕುಲದವರು ಯಾರೋ ಪೊಲೀಸ್ ಕೆಲಸಕ್ಕೆ ಸೇರಿದಷ್ಟು ಹೆಮ್ಮೆಪಟ್ಟರು.

ಪರಿಚಯದ ಅಂಗಡಿಯಾದ್ದರಿಂದ ಪೆಟ್ರೋಲಿನದನ್ನು ಒಂದು ದಿನ ನೋಡಲು ಕೊಟ್ಟರು. ಯಜಮಾನರು ಅದಕ್ಕೆ ದಾರವನ್ನೇ ಹಾಕಿ, ಸ್ಟಾರ್ಟಿನ ಹಗ್ಗ ಎಳೆದರು. ಏಳನೇ ಎಳೆತಕ್ಕೆ ಅದು ಹೊಗೆ ಕಾರಿ ಅರಚಿದಾಗ ಶೆಡ್ಡಿನಿಂದ ಮಗ್ಗದ ಕೆಲಸದವರು ಓಡಿಬಂದು, 'ಯಾವ್ ಮೋಟ್ರು ಸುಟ್ಟೋಯ್ತಣ್ಣ?' ಎಂದು ಕೇಳಿದರು. ಅಂತೂ ಕಾಲು ಗಂಟೆಯಲ್ಲಿ ಹಿತ್ತಲು ಬೋಳಾಯಿತು. ಆ ಹುಲ್ಲನ್ನು ಮುನಿಯಮ್ಮಕ್ಕ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಮರುದಿನ ತೀರ್ಪಿನೊಂದಿಗೆ ಬಂದರು.

'ಮೇಡಮ್ಮು ಮೂಸ್ತು. ಮೂಸಿ ನನ್ ಮಕ ನೋಡ್ತು ತಾಯಿ, ಸೀಮೆಣ್ಣೆ ಕುಡ್ಸಕ್ಕೆ ಬಂದಿದೀಯಾ ಅನ್ನಂಗೆ. ರಾತ್ರಿಯೆಲ್ಲ ಮುಟ್ಟಿಲ್ಲ. ಇದ್ ನೋಡಿ' ಎಂದು ಅಂಗೈ ಬಿಚ್ಚಿದರು. ಒಳಗೆ ನೈಲಾನ್ ದಾರದ ನಾಲ್ಕೈದು ಚೂರು. 'ಹುಲ್ಲಾಗ್ ಇತ್ತು. ಹಸ ತಿಂದ್ಬಿಟ್ಟಿದ್ರೆ?'

ಯಜಮಾನರು ಆ ಚೂರುಗಳನ್ನು ಒಂದೊಂದಾಗಿ ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಪೆಟ್ರೋಲೂ ಸೋತಿತು, ದಾರವೂ ಸೋತಿತು, ನಾನು ಗೆದ್ದೆ.

ಗೆದ್ದವರ ನಾಲಗೆ ಕೊಂಚ ಸಡಿಲವಾಗಿರುತ್ತದೆ. ಒಳಗೆ ಕುಕ್ಕರು ಕೂಗುತ್ತಿತ್ತು. ಮುನಿಯಮ್ಮಕ್ಕ ಗೇಟಿನ ಹತ್ತಿರ ಹೋಗಿದ್ದರು. ನಾನು ಅಲ್ಲಿಂದಲೇ ಕೂಗಿ ಹೇಳಿದೆ: 'ಯೋಚ್ನೆ ಮಾಡ್ಬೇಡಿ ಮುನಿಯಮ್ಮಕ್ಕ. ಹುಲ್ಲಿಗೆ ಬ್ಯಾಟರಿ ತರ್ತಾ ಇದೀವಿ. ಇನ್ಮೇಲೆ ನೀವು ಕುಡುಗೋಲು ತರೋದೇ ಬೇಡ!'

ಅವರು ಒಂದು ಗಳಿಗೆ ನಿಂತರು. 'ಆಗ್ಲಿ ತಾಯಿ' ಎಂದರು. ಗೇಟಿನ ಚಿಲಕ ಹಾಕಿಕೊಂಡು ಹೋದರು. ಮರುದಿನ ಬರಲಿಲ್ಲ.

ಮಂಡಿನೋವೇನೋ ಎಂದುಕೊಂಡೆ. ಎರಡು ದಿನ, ಐದು ದಿನ, ಎಂಟು ದಿನ. ಮಳೆ ಬಿದ್ದು ಹುಲ್ಲು ಮತ್ತೆ ಎದ್ದಿತು. ಕೊಂಡೊಯ್ಯುವವರೇ ಇಲ್ಲದ ಮೇಲೆ ಮಿಷಿನ್ ಯಾರಿಗೆ ಎಂದು ಅಂಗಡಿಗೂ ಹೋಗಲಿಲ್ಲ. ನಾಲ್ಕು ಗಂಟೆಯಾದರೆ ಕಿವಿ ತಾನಾಗಿ ಗೇಟಿನ ಕಡೆ ಹೋಗುತ್ತಿತ್ತು. ಒಂಬತ್ತನೇ ದಿನ ಹಿಟ್ಟಿನ ಗಿರಣಿಯಲ್ಲಿ ರತ್ನ ಸಿಕ್ಕಳು. ಅತ್ತೆ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ ಮುಖ ಪಕ್ಕಕ್ಕೆ ತಿರುಗಿಸಿದಳು.

'ಬೇಜಾರ್ ಮಾಡ್ಕೊಂಡವ್ರೆ ಅಕ್ಕ, ಒಂದೇ ಮಾತ್ ಹೇಳ್ತವ್ರೆ. ಹತ್ತ್ ವರ್ಷ ಹಗಲೊತ್ತಲ್ಲೇ, ಅವರ್ ಕಣ್ ಮುಂದೇನೇ ಕೊಯ್ದಿವ್ನಿ. ಈಗ ಬ್ಯಾಟ್ರಿ ತಂದು ಹುಲ್ಲು ಕಾಯ್ತಾರಂತೆ, ಕುಡ್ಲು ತರ್ಬ್ಯಾಡ ಅಂದ್ರು. ನಾನೇನ್ ಕಳ್ಳಿಯಾ ಅಂತ ಅತ್ತ್ರು.'

ಗಿರಣಿಯ ಸದ್ದಿನಲ್ಲಿ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು. ಇದು ನನಗೆ ತಿಳಿಯದ ಮಾತಲ್ಲ. ನಮ್ಮಪ್ಪನ ಉದ್ದನೆಯ ಉಕ್ಕಿನ ಬ್ಯಾಟರಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅಂಗಳದಲ್ಲಿ ಏನಾದರೂ ಸರಿದಾಡಿದರೆ 'ಬ್ಯಾಟ್ರಿ ಬಿಡೇ' ಎನ್ನುತ್ತಿದ್ದರು. ಹೊಲ ಕಾಯುವವರು ಹಿಡಿಯುತ್ತಿದ್ದದ್ದೂ ಬ್ಯಾಟರಿಯೇ. ಹುಲ್ಲಿಗೆ ಬ್ಯಾಟರಿ, ಇನ್ನು ಕುಡುಗೋಲು ತರಬೇಡಿ! ಒಬ್ಬರನ್ನು ಕಳ್ಳಿ ಎನ್ನಲು ಇದಕ್ಕಿಂತ ಮರ್ಯಾದೆಯ ವಾಕ್ಯ ಹುಡುಕಿದರೂ ಸಿಗುವುದಿಲ್ಲ. ಅಪ್ಪನ ಮನೆಯ ಮಾತನ್ನು ನಾನು ಯಾವಾಗ ಮರೆತೆನೋ ನನಗೇ ಗೊತ್ತಿಲ್ಲ.

ಹಿಟ್ಟಿನ ಡಬ್ಬಿ ಹೊತ್ತುಕೊಂಡೇ ಅವರ ಮನೆಗೆ ಹೋದೆ. ಮುನಿಯಮ್ಮಕ್ಕ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ಮೇಡಂ ಒಣಹುಲ್ಲನ್ನು ಅಸಮಾಧಾನದಿಂದ ಅಗಿಯುತ್ತಿತ್ತು. ನಾನು ಮಿಷಿನ್ನಿನ ಕಥೆಯೆಲ್ಲ ಹೇಳಿ, ಬೆಳಕಿನ ಬ್ಯಾಟರಿ ಅಲ್ಲ, ಮಿಷಿನ್ ಓಡಿಸುವ ಬ್ಯಾಟರಿ ಎಂದು ಬಿಡಿಸಿ ಹೇಳಿದೆ. ಅವರು ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೈಯೆಲ್ಲ ಕುಲುಕಿ ನಕ್ಕರು.

'ಅಯ್ಯೋ ನನ್ ತಾಯಿ! ನಾನು ನಿಮ್ ಯಜಮಾನ್ರು ಬ್ಯಾಟ್ರಿ ಹಿಡ್ಕೊಂಡು ಹುಲ್ಲೊಳಗ್ ಕುಂತವ್ರೆ ಅಂತ ಕನಸ್ ಕಂಡೆ ಕಣವ್ವ!'

ಅಲ್ಲಿಗೆ ಎಲ್ಲ ಸರಿಹೋಯಿತೆಂದು, 'ಹಾಗಾದ್ರೆ ನಾಳೆ ಬನ್ನಿ. ನಾವೇ ಕೊಯ್ದು ಇಟ್ಟಿರ್ತೀವಿ' ಎಂದೆ. ಅವರ ನಗು ನಿಂತಿತು. ಮಂಡಿ ನೀವಿಕೊಂಡರು.

'ಅದೂ ಬ್ಯಾಡ ತಾಯಿ. ನಾನ್ ಕೊಯ್ಕೊಂಡ್ ಬಂದ್ರೆ ನನ್ ಹುಲ್ಲು. ನೀವ್ ಕೊಯ್ದು ಕೊಟ್ರೆ ಅದು ನಿಮ್ ಹುಲ್ಲು. ದಿನಾ ಒಬ್ರ ಬಾಗ್ಲಲ್ಲಿ ನಿಂತ್ಕೊಂಡು ಈಸ್ಕೊಳಕ್ಕೆ ಆಯ್ತದಾ?'

ಮನೆಗೆ ನಡೆದು ಬರುತ್ತ ಆ ಮಾತೇ ತಲೆಯಲ್ಲಿತ್ತು. ನಮ್ಮ ಭಾಷೆಗೆ ಎಷ್ಟು ಥರದ ಕಡಿಯುವಿಕೆ ಗೊತ್ತು! ಮರವನ್ನು ಕಡಿಯುತ್ತೇವೆ, ಕಾಯಿಯನ್ನು ಹೆಚ್ಚುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ, ಉಗುರನ್ನು ತೆಗೆಯುತ್ತೇವೆ. ಹೂವನ್ನೂ ರಾಗಿಯನ್ನೂ ಹುಲ್ಲನ್ನೂ ಮಾತ್ರ ಕೊಯ್ಯುತ್ತೇವೆ. ಕೊಯ್ದದ್ದಕ್ಕೆ ಹೋಗುವ ದಾರಿ ಇರುತ್ತದೆ, ಮುಡಿಗೋ ಕಣಕ್ಕೋ ಕೊಟ್ಟಿಗೆಗೋ. ಕೊಯ್ದ ಕೈಗೇ ಅದರ ಮೇಲೆ ಹಕ್ಕು. ಒಂದು ತಿಂಗಳು ನಾವು ಸದ್ದು, ಹೊಗೆ, ಕರೆಂಟು, ದಾರ, ಎಲ್ಲದರ ಬಗ್ಗೆ ವಾದ ಮಾಡಿದ್ದೆವು. ಮಿಷಿನ್ನನ್ನು ಹಿಡಿಯುವವರು ಯಾರು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಮರುದಿನ ಮುನಿಯಮ್ಮಕ್ಕನನ್ನೂ ಕರೆದುಕೊಂಡು ಅಂಗಡಿಗೆ ಹೋದೆವು. 'ನೀವೇ ಹಿಡಿದು ನೋಡಿ. ಹಿಡಿಯೋರು ನೀವೇ' ಎಂದೆ. ಪೆಟ್ರೋಲಿನದರ ಹಗ್ಗವನ್ನು ಒಮ್ಮೆ ಎಳೆದು, 'ಇದ್ಕಿಂತ ಬಾವೀಲಿ ನೀರ್ ಸೇದೋದು ಸಲೀಸು' ಎಂದು ಗೋಡೆಗೊರಗಿಸಿದರು. ಬ್ಯಾಟರಿಯದರ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಗುಂಡಿ ಒತ್ತಿ, ಬೆಚ್ಚಿಬಿದ್ದು, ಇನ್ನೊಮ್ಮೆ ಒತ್ತಿದರು. ನೆಟ್ಟಗೆ ನಿಂತೇ ಕೆಲಸ. ಮಂಡಿ ಮಡಿಸುವ ಮಾತೇ ಇಲ್ಲ. ದಾರ ಬೇಡ, ಬ್ಲೇಡೇ ಇರಲಿ ಎಂದರು. ಕೊನೆಗೆ ಅಂಗಡಿಯಾತನನ್ನು ಒಂದೇ ಪ್ರಶ್ನೆ ಕೇಳಿದರು: 'ಒಂದ್ ಸಲ ಬ್ಯಾಟ್ರಿ ತುಂಬ್ಸಿದ್ರೆ ಎಷ್ಟ್ ಹೊರೆ?'

ಆತ ತಬ್ಬಿಬ್ಬಾದ. ನಿಮಿಷದ ಲೆಕ್ಕ ಮಾತ್ರ ಗೊತ್ತಿದ್ದವನು. ಯೋಚಿಸಿ, 'ಒಂದು ಹೊರೆಗೆ ಮೋಸ ಇಲ್ಲಮ್ಮ. ಎರಡಾಗಲ್ಲ' ಎಂದ.

'ಮೇಡಮ್ಮುಗೆ ಒಂದೇ ಹೊರೆ' ಎಂದರು ಮುನಿಯಮ್ಮಕ್ಕ. ಮುಕ್ಕಾಲು ಗಂಟೆ ಸಾಲದು ಎಂದು ಒಂದು ತಿಂಗಳು ವಾದಿಸಿದ್ದ ನಮ್ಮ ಯಜಮಾನರು ಆಗ ಅಂಗಡಿಯ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಬ್ಯಾಟರಿಯದನ್ನೇ ಕೊಂಡು ತಂದೆವು. ಆದರೆ ಯಜಮಾನರಿಗೂ ಒಂದು ಗೆಲುವು ಕಾದಿತ್ತು. ಮೊದಲ ದಿನವೇ ಕರೆಂಟು ಕೈಕೊಟ್ಟಿತು. ಮಧ್ಯಾಹ್ನ ಹೋದದ್ದು ಬಂದು, ಬ್ಯಾಟರಿ ತುಂಬುವಷ್ಟರಲ್ಲಿ ಐದೂವರೆ. 'ಹೇಳಿದ್ನಾ?' ಎಂದು ಅವರು ಮೂರು ಸಲ ಕೇಳಿದರು. ನಾನು ಮೂರು ಸಲವೂ ಹೌದೆಂದೆ. ಯಜಮಾನರ ಹಳೆಯ ಕ್ಯಾನ್ವಾಸ್ ಶೂ, ಕಣ್ಣಿಗೆ ದಪ್ಪನೆಯ ಕನ್ನಡಕ, ಎತ್ತಿ ಸಿಕ್ಕಿಸಿದ ಸೀರೆ, ಈ ವೇಷದಲ್ಲಿ ಮುನಿಯಮ್ಮಕ್ಕ ಹುಲ್ಲಿನ ನಡುವೆ ನಿಧಾನವಾಗಿ ನಡೆದರು. ಮೂಲೆಯಲ್ಲೊಂದು ಚಾಪೆಯಷ್ಟು ಹುಲ್ಲು ಉಳಿದಿದ್ದಾಗ ಮಿಷಿನ್ ನಿಂತಿತು. ಅವರು ಸೊಂಟದಿಂದ ಕುಡುಗೋಲು ತೆಗೆದರು. ನಾನು ತರಬೇಡಿ ಎಂದಿದ್ದನ್ನು ಪುಣ್ಯಕ್ಕೆ ಪಾಲಿಸಿರಲಿಲ್ಲ. ಬೋರಲು ಬಕೆಟ್ಟಿನ ಮೇಲೆ ಕೂತು ಆ ಚಾಪೆಯನ್ನೂ ಮುಗಿಸಿದರು.

ಹೊರೆ ಕಟ್ಟಿ ತಲೆಗೆ ಏರಿಸುವಷ್ಟರಲ್ಲಿ ಕತ್ತಲು ಇಳಿದಿತ್ತು. 'ತಾಯಿ, ಒಸಿ ಬ್ಯಾಟ್ರಿ ಕೊಡಿ' ಎಂದರು. ನಾನು ಮಿಷಿನ್ನಿನಿಂದ ಬ್ಯಾಟರಿ ಕಳಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನೂ ನನ್ನನ್ನೂ ನೋಡಿದರು.

'ಇದಲ್ಲ ಕಣವ್ವ, ಬೆಳಕಿಂದು!'

ಹುಡುಕಿದರೆ ನಮ್ಮ ಮನೆಯಲ್ಲಿ ಅಂಥ ಬ್ಯಾಟರಿ ಒಂದೂ ಇರಲಿಲ್ಲ. ಮೊಬೈಲಿನ ಬೆಳಕು ಹಾಕಿಕೊಂಡು ನಾನೇ ಹೊರಟೆ. ಮುಂದೆ ಅವರು, ಹಿಂದೆ ನಾನು. ಬೀದಿ ತಿರುಗುವಲ್ಲಿ ಜಗಲಿಯ ಮೇಲೆ ಕೂತಿದ್ದ ಯಾರೋ, ಏನು ಮುನಿಯಮ್ಮ ಇಷ್ಟು ಹೊತ್ತಿನಲ್ಲಿ ಹೊರೆ ಎಂದು ಕೇಳಿದರು. ಇವರು ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು:

'ಹುಲ್ಲು ಕದ್ಕೊಂಡ್ ಹೋಯ್ತಾ ಇವ್ನಿ ಕಣವ್ವ. ಹುಲ್ಲಿನ್ ಯಜಮಾನ್ತಿನೇ ಬ್ಯಾಟ್ರಿ ಹಿಡ್ಕೊಂಡವ್ಳೆ, ನೋಡು!'

ಎಲ್ಲರೂ ನಕ್ಕರು. ನಾಲ್ಕು ಹೆಜ್ಜೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: 'ಹಿಂದೆ ಹಿಡೀಬ್ಯಾಡ ತಾಯಿ, ನನ್ ನೆಳ್ಳೇ ನಂಗೆ ಅಡ್ಡ ಬರ್ತದೆ. ಪಕ್ಕಕ್ ಬಾ.'

ಪಕ್ಕಕ್ಕೆ ಹೋದೆ. ದಾಟಬೇಕಿದ್ದ ಮೋರಿ ಇಬ್ಬರಿಗೂ ಸರಿಯಾಗಿ ಕಾಣಿಸಿತು.