ಭಾವ ಅತ್ತೆಯ ಮಂಡಿ ವಿಚಾರಿಸಿದ್ದು

ನಮ್ಮ ಬೀದಿಯ ಗಾಜಿನಂಗಡಿಯಲ್ಲಿ ಗಾಜು ಹೊರುವವರು ಇಬ್ಬರು. ಹಿರಿಯರು ಭಾವ, ಕಿರಿಯವನು ಅವರ ಹೆಂಡತಿಯ ತಮ್ಮ. ಮೈದುನ ದಿನವಿಡೀ ಭಾವ, ಭಾವ ಅಂತ ಕೂಗಿ ಕೂಗಿ ಆ ಹೆಸರು ಇಡೀ ಬೀದಿಯ ಬಾಯಿಗೆ ಅಂಟಿಕೊಂಡಿತು. ಅಂಗಡಿಯ ಯಜಮಾನರೂ ಭಾವ ಅನ್ನುತ್ತಾರೆ, ಯಜಮಾನರ ಮಾವನೂ ಭಾವ ಅನ್ನುತ್ತಾರೆ. ಅಂಚೆಯವನೊಮ್ಮೆ ಅವರ ನಿಜವಾದ ಹೆಸರಿಗೆ ಬಂದ ಕಾಗದ ಹಿಡಿದು, ಈ ಮನುಷ್ಯ ಎಲ್ಲಿದ್ದಾನೆ ಅಂತ ಅವರನ್ನೇ ಕೇಳಿದನಂತೆ. ಅವರೂ ಸ್ವಲ್ಪ ಹೊತ್ತು ಯೋಚಿಸಿ, ಗೊತ್ತಿಲ್ಲಪ್ಪ ಅಂದರಂತೆ.

ಭಾವ ಒರೆಸಿದ ಕಿಟಕಿಗೆ ಗಾಳಿಯೇ ಡಿಕ್ಕಿ ಹೊಡೆದು ಮೂಗು ಹಿಡಿದುಕೊಂಡು ವಾಪಸ್ ಹೋಗಿದ್ದುಂಟು. ಒಮ್ಮೆ ಅವರು ಹೊತ್ತ ಗಾಜು ಎಷ್ಟು ತೆಳ್ಳಗಿತ್ತೆಂದರೆ, ಕಿಟಕಿಗೆ ಕೂರಿಸಿ, ಅಂಚಿಗೆ ಅಂಟು ಮೆತ್ತಿ, ಮನೆಯೊಡೆಯನಿಂದ ಶಹಬ್ಬಾಸ್ ಅನ್ನಿಸಿಕೊಂಡು ಬಂದ ಮೇಲೆ, ಗಾಜನ್ನು ಅಂಗಡಿಯಲ್ಲೇ ಮರೆತು ಹೋಗಿದ್ದು ಗೊತ್ತಾಯಿತು. ಇವೆಲ್ಲ ಭಾವನೇ ಹೇಳಿದ್ದು. ಕೇಳುವವರು ನಂಬಲೇಬೇಕು ಅಂತ ಅವರ ಹಟವಿರಲಿಲ್ಲ. ನಡುವೆ ಬಾಯಿ ಹಾಕಬಾರದು, ಅಷ್ಟೆ.

ಆ ಕಸುಬಿಗೆ ಬಾಯಿ ಬೇಕು ಕೂಡ. ದೊಡ್ಡ ಗಾಜನ್ನು ಇಬ್ಬರು ಹಿಡಿದು ಹೊರಟಾಗ ಒಬ್ಬನ ಮುಖ ಇನ್ನೊಬ್ಬನಿಗೆ ಕಾಣುವುದಿಲ್ಲ. ತೋಳು ಸೋತಿತೋ, ಅಂಗೈ ಬೆವರಿತೋ, ತಿಳಿಯುವುದು ದನಿಯಿಂದಲೇ. ಹಾಗಾಗಿ ಹೊರುವಾಗ ಮಾತಾಡುತ್ತಲೇ ಇರಬೇಕು, ಜೊತೆಗಾರನ ಮಾತು ನಿಂತರೆ ಏನು ಎತ್ತ ಕೇಳದೆ ಗಾಜು ಇಳಿಸಬೇಕು. ಮೈದುನ ಕೆಲಸಕ್ಕೆ ಸೇರಿದ ದಿನವೇ ಭಾವ ಇದನ್ನು ಕಲಿಸಿದ್ದರು. ಕಲಿಸಿದ ಮೇಲೆ ಅವನಿಗೆ ಮಾತಾಡುವುದಕ್ಕೆ ಮಾತ್ರ ಬಿಟ್ಟಿರಲಿಲ್ಲ.

ಇಂಥ ಭಾವನಿಗೆ ನ್ಯುಮೋನಿಯಾ ಬಂತು. ಅವರು ಕೆಮ್ಮಿದ ರಭಸಕ್ಕೆ ಬೀದಿಯ ಈ ತುದಿಯ ಪಾತ್ರೆಗಳು ಎದ್ದು ಆ ತುದಿಯ ಮನೆಗಳಲ್ಲಿ ಹೋಗಿ ಕೂತವು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ, ಇನ್ನು ಕೆಲಸಕ್ಕೆ ಹೋಗಬಹುದು, ಆದರೆ ಉಸಿರು ಮೊದಲಿನಂತಾಗಲು ಕಾಲ ಬೇಕು, ಸುಸ್ತಾದ ಕಡೆ ಕೂತು ಸುಧಾರಿಸಿಕೊಳ್ಳಿ ಅಂದರು. ಭಾವ ‘ಹೋಗಬಹುದು’ ಅನ್ನುವವರೆಗೆ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿದರು.

ವಾಪಸ್ ಬಂದ ಭಾವನನ್ನು ನೋಡಿ ಬೀದಿಯೇ ಬೆರಗಾಯಿತು. ಕಾಯಿಲೆ ಮನುಷ್ಯನನ್ನು ತಿದ್ದಿಬಿಟ್ಟಿತ್ತು. ಮೊದಲೆಲ್ಲ ಎದುರಿನವರ ಮಾತು ಮುಗಿಯಲು ಬಿಡದವರು ಈಗ ಗಾಜು ಹೊತ್ತು ನಡೆಯುತ್ತ ಮೈದುನನ ಮನೆಯ ನಲ್ಲಿ ವಿಚಾರಿಸುತ್ತಾರೆ, ಮಗಳ ಓದು ವಿಚಾರಿಸುತ್ತಾರೆ, ಅವನು ಉದ್ದಕ್ಕೆ ಉತ್ತರ ಹೇಳುವಾಗ ಹೂಂ ಹೂಂ ಅನ್ನುತ್ತಾರೆ. ಎಂಥ ತಾಳ್ಮೆ ಬಂತು ನೋಡಿ ಅಂತ ಯಜಮಾನರು ಮೆಚ್ಚಿಕೊಂಡರು. ಮೈದುನನಿಗೂ ಒಂದು ವಾರ ಹಬ್ಬವೇ. ವರ್ಷಗಟ್ಟಲೆ ಒಳಗೆ ಕಟ್ಟಿಟ್ಟಿದ್ದ ಮಾತನ್ನೆಲ್ಲ ಹೊರಗೆ ಹಾಕಿ ಅವನು ಎರಡು ಕಿಲೋ ಇಳಿದ ಅಂತ ಸುದ್ದಿ.

ಒಂದು ಮಧ್ಯಾಹ್ನ ಕಿಟಕಿ ಗಾಜು ಹೊತ್ತು ಏರುದಾರಿ ಹತ್ತುವಾಗ ಭಾವ, “ನಿಮ್ಮಮ್ಮನ ಮಂಡಿನೋವು ಹೇಗಿದೆ?” ಅಂದರು. ಮೈದುನ ಹೇಗೋ ಉತ್ತರ ಹೇಳಿ ಗಾಜು ತಲುಪಿಸಿದ. ಸಂಜೆ ನೆಟ್ಟಗೆ ಅಕ್ಕನ ಅಡುಗೆಮನೆಗೆ ಬಂದ.

“ಅಕ್ಕಾ, ಭಾವನಿಗೆ ಇನ್ನೂ ವಾಸಿಯಾಗಿಲ್ಲ.”

“ಯಾಕೋ? ಬೆಳಿಗ್ಗೆ ನನ್ನ ಪಾಲಿನದನ್ನೂ ಸೇರಿಸಿ ತಿಂದು ಹೋದ್ರಲ್ಲ.”

“ಅಮ್ಮನ ಮಂಡಿ ಹೇಗಿದೆ ಅಂತ ಕೇಳಿದ್ರು.”

ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಅಮ್ಮನಿಗೆ ಮಂಡಿ ಅಂತ ಒಂದಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ ಕಣೋ,” ಅಂದಳು.

ಇಬ್ಬರಿಗೂ ವಿಷಯ ಹೊಳೆಯಿತು. ಭಾವ ಕೇಳುತ್ತಿದ್ದುದು ತಾವು ಉಸಿರು ಎಳೆದುಕೊಳ್ಳುವುದಕ್ಕೆ. ಮೈದುನ ಮಾತಾಡುವಷ್ಟು ಹೊತ್ತು ಅವರ ದನಿಯ ಲೆಕ್ಕ ಕೇಳುವವರಿಲ್ಲ. ಯಜಮಾನರಿಗೆ ಹೇಳಿದರೆ, ಒಳ್ಳೆಯವರು, ಗಲ್ಲಾದ ಪಕ್ಕ ಕುರ್ಚಿ ಹಾಕಿ ಕೂರಿಸಿಯಾರು. ಅಲ್ಲಿಗೆ ಗಾಜು ಹೊರುವುದು ಮುಗಿಯಿತು, ಭಾವನೂ ಅರ್ಧ ಮುಗಿದ ಹಾಗೆ. ಹೇಳದಿದ್ದರೆ ಯಾವುದಾದರೊಂದು ಮೆಟ್ಟಿಲ ಮೇಲೆ ಗಾಜಿನ ಜೊತೆ ಮನುಷ್ಯನೂ ಹೋಗುತ್ತಾನೆ. ಯಜಮಾನರ ಕಿವಿಗೆ ಹಾಕಬೇಡ, ನಿನ್ನ ಭಾವನ ಬಾಯಿಂದಲೇ ಹೊರಡಿಸು ಅಂತ ಅಕ್ಕ ತೀರ್ಮಾನ ಕೊಟ್ಟಳು. ತನಗೆ ಕಸುಬು ಕಲಿಸಿದವರ ಮುಖ ನೋಡಿ ನಿಮಗೆ ಶಕ್ತಿಯಿಲ್ಲ ಅನ್ನುವ ಧೈರ್ಯ ಮೈದುನನಿಗೆ ಇರಲಿಲ್ಲ. ಆದರೆ ಸುಮ್ಮನಿರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಾವನ ಕೈಕೆಳಗೆ ಪಳಗಿದ್ದನಲ್ಲ.

ಮರುದಿನ ಟೈಲರಮ್ಮನ ಕನ್ನಡಿ ಬಂತು. ಆಕೆಯ ಅಂಗಡಿ ಇದ್ದದ್ದು ಮೂರನೆಯ ಮಹಡಿಯಲ್ಲಿ. ಹಳೆಯ ಕನ್ನಡಿ ಒಡೆದಾಗಿನಿಂದ, ರವಿಕೆ ಚಿಕ್ಕದಾಯಿತೋ ಗಿರಾಕಿ ದಪ್ಪಗಾದರೋ ಅನ್ನುವ ಜಗಳ ಅಲ್ಲಿ ಒಂದೂ ತೀರ್ಮಾನವಾಗಿರಲಿಲ್ಲ. ಹೊಸದು ಆಳೆತ್ತರದ್ದು, ದಪ್ಪ ಗಾಜು. ಮೆಟ್ಟಿಲು ಹತ್ತುವಾಗ ಭಾರವೆಲ್ಲ ಕೆಳಗಿನವನ ಮೇಲೆ. ಆ ತುದಿ ಯಾವತ್ತೂ ಭಾವನದು.

“ಕೆಳಗಡೆ ನಾನು ಹಿಡೀತೀನಿ,” ಅಂದ ಮೈದುನ.

ಭಾವ ಜಗಳ ತೆಗೆಯದೆ ಮೇಲಿನ ತುದಿಗೆ ಹೋದರು. ಉಳಿದಿದ್ದ ಅನುಮಾನವೂ ಹೋಯಿತು.

ಮೊದಲ ಮಹಡಿ ದಾಟಿತು. ಭಾವ ನಲ್ಲಿ ರಿಪೇರಿ ಆಯಿತೇ ಅಂತ ಕೇಳಿದರು. ಮೈದುನ ಹೂಂ ಅಂದ, ಮುಂದೆ ಹೇಳಲಿಲ್ಲ. ಮಗಳಿಗೆ ಗಣಿತ ಹತ್ತುತ್ತದೆಯೇ ಅಂದರು. ಹೂಂ.

“ನಿನ್ನ ಬಾಯಿಗೇನು ಬಂತೋ ಇವತ್ತು?”

“ಕೈ ಗಟ್ಟಿಯಾಗೇ ಇದೆ ಭಾವ. ನೀವು ಹೇಳಿ, ನಾನು ಕೇಳ್ತೀನಿ.”

ಭಾವ ಶುರು ಮಾಡಿದರು. ಒಂದು ಅರಮನೆಗೆ ಕನ್ನಡಿ ಬೇಕಾಗಿತ್ತಂತೆ. ದೊಡ್ಡ ಕನ್ನಡಿ. ಎರಡು ಮೆಟ್ಟಿಲು ಸುಮ್ಮನೆ ಕಳೆದವು. ತುಂಬಾ ದೊಡ್ಡದು, ಅಂದರು ಭಾವ. ಅವರ ಕತೆಯಲ್ಲಿ ದೊಡ್ಡದನ್ನು ಬರೀ ತುಂಬಾ ದೊಡ್ಡದು ಅನ್ನುವಷ್ಟು ಬಡತನ ಹಿಂದೆಂದೂ ಬಂದಿರಲಿಲ್ಲ. ಎರಡನೆಯ ಮಹಡಿಯ ತಿರುವು ಕೈಯಳತೆಯಲ್ಲಿತ್ತು. ಕೆಳಗೆ ಮೈದುನ ಬಾಯಿ ಬಿಗಿಹಿಡಿದು ನಿಂತಿದ್ದ, ಇಡೀ ಕನ್ನಡಿ ಅವನ ಎದೆಯ ಮೇಲೆ ಒರಗಿತ್ತು. ಅವನೂ ಹೆದರಿದ್ದ.

“ತಿರುವಿನಲ್ಲಿ ಇಳಿಸೋ,” ಅಂದರು ಭಾವ.

ಇಳಿಸಿದರು. ಕನ್ನಡಿಯನ್ನು ಗೋಡೆಗೆ ಒರಗಿಸಿ, ಜಾರದಂತೆ ಬುಡಕ್ಕೆ ಗೋಣಿ ಒತ್ತಿ, ಭಾವ ಮೆಟ್ಟಿಲ ಮೇಲೆ ಕೂತರು. ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

“ಯಾವಾಗ ಗೊತ್ತಾಯ್ತು ನಿಂಗೆ?”

“ಅಮ್ಮನ ಮಂಡಿ ಕೇಳಿದಾಗ.”

ಭಾವ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಅದು ಅತಿಯಾಯಿತು ಅಂತ ಕೇಳಿದ ಕ್ಷಣವೇ ಅವರಿಗೂ ಅನ್ನಿಸಿತ್ತಂತೆ. “ಒಂದು ಮಹಡಿಗೆ ಉಸಿರು ಸಾಕಾಗುತ್ತೆ ಕಣೋ, ಎರಡಕ್ಕೆ ಸಾಲಲ್ಲ,” ಅಂದರು. “ಕೆಳಗಡೆ ನಾನೇ ಇದ್ದಿದ್ರೆ ಹಲ್ಲು ಕಚ್ಚಿ ಹತ್ತಿಬಿಡ್ತಿದ್ದೆ. ನೀನಿದ್ದೆಯಲ್ಲ.”

“ಹಾಗಾದ್ರೆ ಮಹಡಿಗೊಂದು ಸಲ ಇಳಿಸೋಣ.”

“ನೋಡಿದವರು ಏನಂತಾರೆ?”

“ಕನ್ನಡಿ ಒಡೀಲಿಲ್ಲ ಅಂತಾರೆ.”

ಮೇಲಿನಿಂದ ಟೈಲರಮ್ಮ ಬಗ್ಗಿ ನೋಡಿ, ಏನಾಯಿತು, ಹುಷಾರಿಲ್ಲವೇ ಅಂದರು. ಭಾವ ಕೂತಲ್ಲಿಂದಲೇ, “ಹುಷಾರಾಗಿದ್ದೀನಮ್ಮ, ಸುಸ್ತಾಗಿದೆ ಅಷ್ಟೆ, ಸ್ವಲ್ಪ ಕೂತು ಬರ್ತೀನಿ,” ಅಂತ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದರು. ಮೈದುನ ಬಗ್ಗಿ ಕೈಗವಸು ಸರಿಮಾಡಿಕೊಂಡ. ಯಜಮಾನರಿಗೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಅಂದಿನಿಂದ ಅವರು ಮಹಡಿಗೊಮ್ಮೆ ಗಾಜು ಇಳಿಸುತ್ತಾರೆ, ಏರುದಾರಿಯಾದರೆ ನಡುವೆಯೂ ಇಳಿಸುತ್ತಾರೆ. ಭಾವನ ಉಸಿರು ತಿಂಗಳು ತಿಂಗಳಿಗೆ ಉದ್ದವಾಗುತ್ತಿದೆ. ಅತ್ತೆಯ ಮಂಡಿ ಮತ್ತೆ ಯಾರಿಗೂ ಬೇಡವಾಗಿದೆ. ನೀವು ಯಾವುದಾದರೂ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿದ ಗಾಜನ್ನೂ, ಅದರ ಪಕ್ಕ ಕೂತು ಮೊದಲು ಸುಸ್ತಾದವರು ನೀವು, ಅಲ್ಲ ನೀನು ಅಂತ ಕಿತ್ತಾಡುವ ಇಬ್ಬರನ್ನೂ ಕಂಡರೆ ನೀರು ಬೇಕೇ ಅಂತ ಕೇಳಿ, ಡಾಕ್ಟರನ್ನು ಕರೆಯಬೇಡಿ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ.