ಗಾಜಕ್ಕ ಸಹಿ ಹಾಕದ ಕಾಗದ

ರಸಾಯನಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಗಾಜು ಊದುವ ಹೆಂಗಸನ್ನು ಎಲ್ಲರೂ ಗಾಜಕ್ಕ ಎನ್ನುತ್ತಾರೆ. ಕಟ್ಟಿಕೊಂಡ ಗಂಡನೂ ಹಾಗೇ ಕರೆಯುತ್ತಾನೆ. ನಾನು ಅದೇ ವಿಶ್ವವಿದ್ಯಾಲಯದ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತೆ. ಇಲ್ಲಿ ಯಾರಾದರೂ ಹೊಸದೇನಾದರೂ ಕಂಡುಹಿಡಿದರೆ, ಬೇರೆಯವರು ಅದನ್ನು ಕದಿಯದಂತೆ ಅರ್ಜಿ ಹಾಕುವುದು, ಆಮೇಲೆ ಅದನ್ನು ಮಾರುಕಟ್ಟೆಗೆ ತರುವ ಕಂಪನಿ ಹುಡುಕುವುದು ನಮ್ಮ ಕೆಲಸ. ಕದಿಯುವವರು ಯಾವಾಗಲೂ ಹೊರಗಿನವರೇ ಎಂದು ನಾನು ಹನ್ನೊಂದು ವರ್ಷ ನಂಬಿಕೊಂಡಿದ್ದೆ. ಎಂಥ ಪೆದ್ದಿ ನಾನು.

ಅವಳ ಕೋಣೆಗೆ ಕಿಟಕಿಯಿಲ್ಲ. ಒಂದು ಮೂಲೆಯಲ್ಲಿ ಗ್ಯಾಸಿನ ಸಿಲಿಂಡರುಗಳು, ನಡುವೆ ಉದ್ದನೆಯ ಕಲ್ಲಿನ ಮೇಜು, ಗೋಡೆಗೆ ಒರಗಿಸಿಟ್ಟ ಗಾಜಿನ ಕೊಳವೆಗಳು, ಮಾಡಿದ್ದನ್ನು ನಿಧಾನಕ್ಕೆ ಆರಿಸುವ ಒಲೆ. ಯಾವ ದೊಡ್ಡ ಮನುಷ್ಯ ನಕ್ಷೆ ಹಿಡಿದುಕೊಂಡು ಹೋದರೂ ಅವಳದು ಮೂರೇ ಪ್ರಶ್ನೆ. ಇದರೊಳಗೆ ಏನು ಹರಿಯುತ್ತೆ? ಎಷ್ಟು ಬಿಸಿ? ಆಮೇಲೆ ಯಾರು ತೊಳೀತಾರೆ? ಮೂರಕ್ಕೂ ಉತ್ತರ ಸಿಗದಿದ್ದರೆ ಜಪ್ಪಯ್ಯ ಅಂದರೂ ಬರ್ನರ್ ಹಚ್ಚುವುದಿಲ್ಲ. ಉತ್ತರ ಸಿಕ್ಕಮೇಲೆ ಆ ನಕ್ಷೆಯನ್ನು ಪಕ್ಕಕ್ಕಿಟ್ಟು, ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ತನ್ನದೇ ಚಿತ್ರ ಬರೆದುಕೊಳ್ಳುತ್ತಾಳೆ. ಕೆಲಸ ಮುಗಿದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಾಳೆ. ಇಪ್ಪತ್ತಾರು ವರ್ಷ ಅವಳು ಯೋಚಿಸಿದ್ದೆಲ್ಲ ಆ ಬಟ್ಟೆಯ ಪಾಲಾಗಿದೆ.

ಎರಡು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಮೇಷ್ಟ್ರು ಎನ್ನುವವರು, ಅವಳಿಂದ ಒಂದು ಕೊಳವೆ ಮಾಡಿಸಿಕೊಂಡರು. ಬಿಸಿ ಔಷಧದ ದ್ರಾವಣ ಅದರೊಳಗೆ ಇಳಿಯುತ್ತಾ ತಣ್ಣಗಾಗಿ ಹರಳುಗಟ್ಟಬೇಕು. ಕಲಕುವುದಕ್ಕೆಂದು ಒಳಗೊಂದು ಗಾಜಿನ ಸುರುಳಿ. ಇಂಥ ಕೊಳವೆಗಳ ಹಳೇ ರೋಗವೆಂದರೆ ಅರ್ಧ ಗಂಟೆಯಲ್ಲಿ ಹರಳು ಕಚ್ಚಿಕೊಂಡು ದಾರಿ ಕಟ್ಟಿಹೋಗುವುದು. ಇದು ಮಾತ್ರ ಮೂರು ದಿನ ಓಡಿಸಿದರೂ ಕಟ್ಟಲಿಲ್ಲ. ಮೇಷ್ಟ್ರು ಕುಣಿದಾಡಿಬಿಟ್ಟರು. ಔಷಧ ಕಂಪನಿಯೊಂದು ನಾ ಮುಂದು ಎಂದು ಓಡಿ ಬಂತು. ಅರ್ಜಿಯ ಕರಡನ್ನು ಟೈಪ್ ಮಾಡಿದವಳು ನಾನೇ. ಕಂಡುಹಿಡಿದವರು ಎಂಬ ಕಡೆ ಎರಡು ಹೆಸರಿದ್ದವು, ಮೇಷ್ಟ್ರದು, ಅವರ ಶಿಷ್ಯನದು.

ಕಂಪನಿಯ ವಕೀಲೆ ಹುಷಾರಿ ಹೆಂಗಸು. ಕಂಡುಹಿಡಿದವರಲ್ಲಿ ಒಬ್ಬರನ್ನು ಬಿಟ್ಟರೂ ನಾಳೆ ಪೇಟೆಂಟೇ ಬಿದ್ದುಹೋಗಬಹುದು ಎಂದು ಅವರಿಗೆ ಗೊತ್ತು. ಆ ಕೊಳವೆಯನ್ನು ಮುಟ್ಟಿದ ಪ್ರತಿಯೊಬ್ಬರಿಂದಲೂ ಒಂದು ಹೇಳಿಕೆ ಬೇಕೆಂದರು: 'ನಾನು ಸೂಚನೆಯಂತೆ ಮಾತ್ರ ಕೆಲಸ ಮಾಡಿದ್ದೇನೆ. ಇದರಲ್ಲಿ ನನ್ನ ಯೋಚನೆ ಏನೂ ಇಲ್ಲ.' ಅದನ್ನು ಅರ್ಜಿಯ ಕರಡಿನ ಜೊತೆ ಗಾಜಕ್ಕನ ಬಳಿಗೆ ಒಯ್ದವಳೂ ನಾನೇ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅವಳು ಕಪ್ಪು ಕನ್ನಡಕ ಹಣೆಗೇರಿಸಿ, ಹೇಳಿಕೆಯನ್ನು ಬಿಟ್ಟು ಮೊದಲು ಅರ್ಜಿ ಓದಿದಳು. 'ಅಚ್ಚರಿಯ ಸಂಗತಿಯೆಂದರೆ ಈ ಕೊಳವೆಯಲ್ಲಿ ಹರಳು ಕಟ್ಟಿಕೊಳ್ಳುವುದಿಲ್ಲ' ಎಂಬ ಸಾಲಿನ ಮೇಲೆ ಬೆರಳಿಟ್ಟಳು.

"ಅಚ್ಚರಿ ಯಾರಿಗೆ?"

"ಮೇಷ್ಟ್ರಿಗೆ ಅಕ್ಕಾ."

"ಅದೇ ಅಂದ್ಕೊಂಡೆ. ಈ ಕೊಳವೆ ಚಿತ್ರ ಯಾರು ಬರೆದಿದ್ದು?"

"ಅದೂ ಅವರೇ."

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಪೆನ್ನನ್ನು ನನ್ನ ಕಡೆಗೆ ತಳ್ಳಿದಳು.

"ಈ ಚಿತ್ರದಲ್ಲಿ ನನ್ನ ಯೋಚನೆ ಏನೂ ಇಲ್ಲ, ಅದಂತೂ ನಿಜ ಕಣಮ್ಮ. ಆದ್ರೆ ನಾನು ಮಾಡಿಕೊಟ್ಟ ಗಾಜಲ್ಲಿ ಇದೆ. ಸಹಿ ಹಾಕಲ್ಲ."

"ಚಿತ್ರದಲ್ಲಿ ಏನು ತಪ್ಪಿದೆ ಅಂತಾದ್ರೂ ಹೇಳು."

"ಇದನ್ನ ನೋಡ್ಕೊಂಡು ಮಾಡ್ಲಿ. ಗಾಜೇ ಹೇಳುತ್ತೆ."

ಮಾರನೆಯ ದಿನ ದೊಡ್ಡ ಮೇಷ್ಟ್ರು ತಾವೇ ಮೆಟ್ಟಿಲಿಳಿದು ಬಂದರು. ಹಿಂದೆ ನಾನು, ಕಾಗದ ಹಿಡಿದುಕೊಂಡು. ಮೊದಲು ಬೆಣ್ಣೆ ಹಚ್ಚಿದರು. ನಿಮ್ಮ ಕೈಯಂಥ ಕೈ ಇನ್ನೊಂದಿಲ್ಲ, ಪ್ರಬಂಧದ ಕೊನೆಯಲ್ಲಿ ನಿಮಗೆ ಕೃತಜ್ಞತೆ ಹೇಳ್ತೀವಿ, ಅಂದರು. ಅವಳು ಸೊಪ್ಪು ಹಾಕಲಿಲ್ಲ.

"ನೋಡಿ, ಹಕ್ಕು ಹೇಗಿದ್ರೂ ವಿಶ್ವವಿದ್ಯಾಲಯದ್ದು. ಬರೀ ಹೆಸರಿಂದ ನಿಮಗೆ ಏನು ಸಿಗುತ್ತೆ?"

"ಏನೂ ಸಿಗಲ್ಲ ಅಂದ್ರೆ ನಿಮ್ಮದನ್ನೂ ತೆಗೆಸಿಬಿಡಿ ಸಾರ್."

ನನಗೆ ನಗು ತಡೆಯಲಾಗದೆ ಸಿಲಿಂಡರಿನ ಕಡೆ ತಿರುಗಿಕೊಂಡೆ. ಮೇಷ್ಟ್ರ ಮುಖ ಹುಳ್ಳಗಾಯಿತು. "ನಿಮ್ಮದು ವರ್ಷ ವರ್ಷದ ಒಪ್ಪಂದ ಅಲ್ವಾ? ಮುಂದಿನ ತಿಂಗಳು ನವೀಕರಣ. ಅದಕ್ಕೆ ಸಹಿ ಹಾಕೋದು ನಾನು," ಎಂದು ಮೆಲ್ಲಗೆ ಹೇಳಿ ಹೋದರು. ನನ್ನ ನಗು ಅಲ್ಲೇ ಸತ್ತಿತು. ಐವತ್ನಾಲ್ಕರ ವಯಸ್ಸಿನಲ್ಲಿ ಅವಳಿಗೆ ಬೇರೆಲ್ಲಿ ಬರ್ನರ್ ಹಚ್ಚಿ ಕೊಡುತ್ತಾರೆ?

ಸಂಜೆ ಅವಳ ಮನೆಗೆ ಹೋದೆ, ಬುದ್ಧಿ ಹೇಳುವುದಕ್ಕೆ. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಗಂಡನ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅತ್ತೆಯ ಮಂಚ. ಗಂಡ ಪ್ಯಾಂಟಿನ ಅಂಚು ಮಡಿಸುತ್ತಾ, "ಹಾಕಿ ಬಿಸಾಕು ಅಂತ ನಾನೂ ಹೇಳ್ದೆ. ಒಂದು ಸಹಿ ತಾನೇ. ನನ್ನ ಮಾತು ಈ ಮನೇಲಿ ಯಾರಿಗೆ ಬೇಕು?" ಎಂದ. ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ.

ಒಳಗಿನಿಂದ ಅತ್ತೆ ಕೇಳಿಸಿಕೊಂಡಿದ್ದರು. "ಮೂವತ್ತು ವರ್ಷ ಅವಳ ಜೊತೆ ಜಗಳ ಆಡಿದೀನಿ. ಒಂದೇ ಒಂದು ಸಲ ಸುಳ್ಳಿಗೆ ಹೂಂ ಅಂದವಳಲ್ಲ, ಪಾಪಿ. ಈಗ ಅವಳು ಸಹಿ ಹಾಕಿದ್ರೆ ನಾನು ಅವಳ ಕೈಯಿಂದ ನೀರೂ ಕುಡಿಯಲ್ಲ, ಹೋಗಿ ಹೇಳು ನಿಮ್ಮ ಮೇಷ್ಟ್ರಿಗೆ."

"ಹೊಗಳ್ತಾ ಇದೀರೋ ಬೈತಾ ಇದೀರೋ ಅತ್ತೆ?" ಅಂತ ಗಾಜಕ್ಕ ಅಡುಗೆಮನೆಯಿಂದ ಕೇಳಿದಳು.

"ಎರಡೂ."

ನಾನು ಬುದ್ಧಿ ಹೇಳುವುದನ್ನು ಅಲ್ಲಿಗೇ ಕೈಬಿಟ್ಟೆ.

ಹತ್ತು ದಿನ ಕಳೆದವು. ಅಷ್ಟರಲ್ಲಿ ಕಂಪನಿಯವರು ಅರ್ಜಿಯ ಚಿತ್ರ ನೋಡಿಕೊಂಡು ತಮ್ಮ ಗಾಜಿನವರಿಂದ ಮೂರು ಕೊಳವೆ ಮಾಡಿಸಿದರು. ಬಿಸಿ ದ್ರಾವಣ ಬಿಟ್ಟೊಡನೆ ಎರಡು ಸೀಳಿದವು. ಮೂರನೆಯದು ಇಪ್ಪತ್ತು ನಿಮಿಷದಲ್ಲಿ ಕಟ್ಟಿಕೊಂಡಿತು. ವಕೀಲೆ ಒಡೆದ ಚೂರುಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ನಮ್ಮ ಸಭೆಯ ಕೋಣೆಗೆ ಬಂದಿಳಿದರು. ನೋಡಿಕೊಂಡು ಮಾಡಿದರೂ ಕೆಲಸಕ್ಕೆ ಬಾರದಂಥ ಚಿತ್ರ ಕೊಟ್ಟರೆ ಪೇಟೆಂಟ್ ನಿಲ್ಲುವುದಿಲ್ಲ. ಮೇಷ್ಟ್ರು ತಲೆ ಕೆರೆದುಕೊಂಡರು, ಶಿಷ್ಯ ಮೇಷ್ಟ್ರನ್ನು ನೋಡಿದ. ಕೊನೆಗೆ ವಕೀಲೆ ಕೇಳಿದರು, "ಮೊದಲನೇದನ್ನ ಮಾಡಿದವರು ಯಾರು? ಅವರನ್ನ ಕರೀರಿ."

ಗಾಜಕ್ಕ ಏಪ್ರನ್ ಕೂಡ ಬಿಚ್ಚದೆ ಬಂದಳು. ಚೂರುಗಳನ್ನು ಒಮ್ಮೆ ನೋಡಿದಳು. ಮೇಜಿನ ಮೇಲೆ ಅವಳ ಮೊದಲ ಕೊಳವೆಯ ಪಕ್ಕದಲ್ಲೇ ಅವಳ ಸಹಿಗಾಗಿ ಕಾದಿದ್ದ ಆ ಹೇಳಿಕೆಯಿತ್ತು. ಅದರ ಅಂಚಿನಿಂದ ಸಣ್ಣ ಪಟ್ಟಿ ಹರಿದು, ಚಿಮಟದಲ್ಲಿ ಹಿಡಿದು, ತಾನು ಮಾಡಿದ್ದ ಕೊಳವೆಯ ಕೆಳಬಾಯಿಂದ ಒಳಕ್ಕೆ ತೂರಿಸಿದಳು. ಸುರುಳಿಯ ಕೆಳತುದಿಗೂ ಕೊಳವೆಯ ಗೋಡೆಗೂ ನಡುವೆ ಕಾಗದ ಸಲೀಸಾಗಿ ದಾಟಿತು.

"ಮೇಲಿನ ತುದಿ ಬೆಸೆದಿದೀನಿ. ಕೆಳಗಿನದನ್ನ ಬಿಟ್ಟಿದೀನಿ. ಹೊರಗಿಂದ ನೋಡೋರಿಗೆ ಎರಡೂ ಅಂಟಿಕೊಂಡಿರೋ ಹಾಗೆ ಕಾಣುತ್ತೆ. ಬಿಸಿಗೆ ಸುರುಳಿ ಹಿಗ್ಗುತ್ತೆ, ಜಾಗ ಇಲ್ಲದಿದ್ರೆ ಗೋಡೆ ಸೀಳುತ್ತೆ. ಜಾಗ ಇದ್ರೆ ಹರಿಯೋ ದ್ರಾವಣಕ್ಕೆ ಆ ತುದಿ ನಡುಗ್ತಾ ಇರುತ್ತೆ. ನಡುಗೋದರ ಮೇಲೆ ಹರಳು ಕೂರಲ್ಲ."

ಕಂಪನಿ ಕೊಳ್ಳಲು ಬಂದದ್ದು ಆ ಕೂದಲೆಳೆಯಷ್ಟು ಸಂದನ್ನು. ಅದನ್ನು ಮೇಷ್ಟ್ರು ನೋಡಿಯೇ ಇರಲಿಲ್ಲ.

ಆದರೆ ಮೇಷ್ಟ್ರು ಬಿಡುವ ಆಸಾಮಿಯಲ್ಲ. "ಹೌದೌದು, ಒಂದು ತುದಿ ಬಿಡಿ ಅಂತ ನಾನೇ ಅವತ್ತು ಹೇಳಿದ್ದೆ. ಚಿತ್ರ ಬರೆಯುವಾಗ ಕಣ್ತಪ್ಪಾಗಿದೆ ಅಷ್ಟೆ. ಇವರ ಹತ್ರ ಬೇರೆ ಥರ ಹೇಳೋ ದಾಖಲೆ ಏನಾದ್ರೂ ಇದೆಯಾ, ಕೇಳಿ." ನನ್ನ ಪಿತ್ತ ನೆತ್ತಿಗೇರಿತು. ಸೀಮೆಸುಣ್ಣದ ಚಿತ್ರಗಳನ್ನು ಅವಳು ಒರೆಸುತ್ತಾಳೆಂದು ಈ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಗಾಜಕ್ಕ ಏಪ್ರನ್ನಿನ ಜೇಬಿನಿಂದ ನಾಲ್ಕಾಗಿ ಮಡಿಸಿದ ಎರಡು ಹಾಳೆ ತೆಗೆದು ವಕೀಲೆಯ ಮುಂದಿಟ್ಟಳು. ಮೊದಲನೆಯದು ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ಅವಳಿಗೆ ಕೊಡಿಸಿದ್ದ ಮೆಮೊ. ಎರಡೂ ತುದಿ ಬೆಸೆದಿದ್ದ ಉಪಕರಣವೊಂದು ಬಿಸಿಗೆ ಒಡೆದು ವಿದ್ಯಾರ್ಥಿನಿಯ ಕೈ ಸೀಳಿತ್ತು. ನಕ್ಷೆ ಮೇಷ್ಟ್ರದು, ತಪ್ಪು ಹೊರಿಸಿದ್ದು ಇವಳ ಮೇಲೆ. ಎರಡನೆಯದು ಅದಕ್ಕೆ ಅವಳು ಕೊಟ್ಟ ಉತ್ತರದ ಪ್ರತಿ. 'ಇನ್ನು ಮುಂದೆ ಬಿಸಿ ತಾಗುವ ಯಾವುದಕ್ಕೂ ಎರಡೂ ತುದಿ ಬೆಸೆಯುವುದಿಲ್ಲ. ನೀವು ನಕ್ಷೆಯಲ್ಲಿ ಹೇಗೆ ಬರೆದರೂ ಒಂದನ್ನು ಬಿಡುತ್ತೇನೆ. ಬಿಟ್ಟ ತುದಿ ನಡುಗುವುದರಿಂದ ಕೊಳೆಯೂ ಕಚ್ಚುವುದಿಲ್ಲ.' ಕೆಳಗೆ ಅವಳ ಕೈಯ ಚಿತ್ರ, ದಿನಾಂಕ, 'ನೋಡಿದೆ' ಎಂಬ ಷರಾ, ಒಂದು ಸಹಿ.

"ಈ ಸಹಿ ನಿಮ್ಮದಾ?" ವಕೀಲೆ ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನನ್ನದೇ," ಎಂದರು.

ಗಾಜಕ್ಕ ಮೆಮೊದಲ್ಲಿ ತನ್ನ ಹೆಸರಿದ್ದ ಕಡೆ ಬೆರಳಿಟ್ಟಳು. "ಒಡೆದಾಗ ನನ್ನ ಪೂರ್ತಿ ಹೆಸರು ಗೊತ್ತಿತ್ತಲ್ಲ ಸಾರ್ ನಿಮಗೆ. ಅಪ್ಪನ ಹೆಸರಿನ ಇನಿಷಿಯಲ್ ಸಮೇತ ಬರೆಸಿದ್ರಿ. ಒಡೀದೇ ಇದ್ದಾಗಲೂ ಅದನ್ನೇ ಬರೆಸಿ."

ವಕೀಲೆ ನನ್ನ ಕಡೆ ತಿರುಗಿದರು. ನಾನು ಮೇಷ್ಟ್ರ ಅಪ್ಪಣೆಗೆ ಕಾಯಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು, ಮೆಮೊವನ್ನು ಪಕ್ಕದಲ್ಲಿಟ್ಟುಕೊಂಡು, 'ಈ ಒಡಕಿಗೆ ಕಾರಣರಾದವರು' ಎಂಬುದರ ಮುಂದೆ ಅಚ್ಚಾಗಿದ್ದ ಹೆಸರನ್ನು ಅಕ್ಷರಕ್ಕೆ ಅಕ್ಷರ ನೋಡಿಕೊಂಡು, ಕಂಡುಹಿಡಿದವರ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಟೈಪ್ ಮಾಡಿದೆ.